ವಾರ್ಧಕ್ಯದ ವಾಹನ



ಉದ್ಯೋಗದಿಂದ ನಿವೃತ್ತನಾದ ಗೃಹಸ್ಥನಿಗೆ ಮೊದಲ ಒಂದೆರಡು ವರ್ಷಗಳಲ್ಲಿ ಹುಟ್ಟುವ ಅಪೇಕ್ಷೆಗಳಲ್ಲಿ ವಾಹನವೂ ಒಂದು. ಗ್ರಾಚ್ಯುಟಿಯ ಹಣವು ಕೈಸೇರಿರುತ್ತದೆ. ಮೊಣಕಾಲು ಹಳೆಯ ಬೈಸಿಕಲ್ಲಿಗೆ ಒಪ್ಪುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿಯೋ ಅದಕ್ಕೂ ದೂರದಲ್ಲಿಯೋ ನೆಲೆಸಿರುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕರಲ್ಲಿ ಯಾವ ಊರಾದರೂ ಸರಿಯೆ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರಿಗೆ ಬ್ಯಾಂಕು, ಔಷಧದ ಅಂಗಡಿ, ದೇವಸ್ಥಾನ, ಬಸ್ಸಿನ ನಿಲ್ದಾಣ ಇವೆಲ್ಲವೂ ನಡೆದು ತಲಪಲು ಸ್ವಲ್ಪ ದೂರವಾಗಿಯೇ ಇರುವುವು. ಆದುದರಿಂದ “ವಿದ್ಯುತ್ತಿನ ಒಂದು ಸಣ್ಣ ಗಾಡಿ ಇದ್ದರೆ ಸಾಕು” ಎಂದುಕೊಂಡು ಅಂಗಡಿಗೆ ಹೋಗುವರು. ಬೆಲೆ ಕೇಳಿ ಸುಮ್ಮನೆ ಹಿಂದಿರುಗುವರು. ಇತ್ತೀಚೆಗೆ ಇಂತಹ ಮಾತನ್ನು ಪದೇ ಪದೇ ಕೇಳುತ್ತಿರುವುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ಇದು ನಮ್ಮ ಸೀಮೆಗೆ ಮಾತ್ರ ಬಂದ ಚಿಂತೆಯಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ‘ದಿ ವಿಲೇಜಸ್’ ಎಂಬ ಊರಿದೆ. ಐವತ್ತೈದು ದಾಟಿದವರ ವಾಸಕ್ಕೆಂದೇ ಕಟ್ಟಿದ್ದು. ಅಲ್ಲಿಯ ವೃದ್ಧರು ಗಾಲ್ಫ್ ಆಟದ ಮೈದಾನದ ಪುಟ್ಟ ಬಂಡಿಗಳಲ್ಲಿಯೇ ಅಂಗಡಿಗೂ ವೈದ್ಯರ ಬಳಿಗೂ ಹೋಗಿಬರುತ್ತಾರೆ. ಅವುಗಳಿಗೆಂದೇ ನೂರಾರು ಕಿಲೋಮೀಟರು ಉದ್ದದ ದಾರಿಗಳಿವೆ. ಚೀನಾ ದೇಶದಿಂದ ಅಗ್ಗದ ಬಂಡಿಗಳು ಬರುತ್ತಿವೆಯೆಂದು ಅಲ್ಲಿಯ ತಯಾರಕರು ೨೦೨೪ರ ಜೂನ್ ತಿಂಗಳಲ್ಲಿ ಸರ್ಕಾರಕ್ಕೆ ದೂರಿತ್ತರು; ೨೦೨೫ರಲ್ಲಿ ಆ ಬಂಡಿಗಳ ಮೇಲೆ ಭಾರವಾದ ಸುಂಕವು ಬಿದ್ದಿತು. ತಯಾರಕರಿಗೂ ಸರ್ಕಾರಕ್ಕೂ ನಡೆದ ವ್ಯವಹಾರದ ಭಾರವು ಕಡೆಗೆ ಬಂಡಿ ಕೊಳ್ಳುವ ಮುದುಕನ ಚೀಲಕ್ಕೂ ತಾಗುವುದಷ್ಟೆ. ನಮ್ಮಲ್ಲಿ ಅಂತಹ ಊರಿಲ್ಲ, ಅಂತಹ ದಾರಿಯೂ ಇಲ್ಲ. ಇಲ್ಲಿ ವೃದ್ಧನ ಬಂಡಿಯೆಂದರೆ ವಿದ್ಯುತ್ ಸ್ಕೂಟರು. ಅದಕ್ಕೂ ಮೊದಲು ಹೊಸೂರಿನಿಂದ ೧೯೮೦ರಲ್ಲಿ ಹೊರಟ ಟಿ.ವಿ.ಎಸ್. ಮೊಪೆಡ್ಡು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆಯನ್ನು ಹೊತ್ತುತರುವ ಆ ಗಾಡಿಯ ಪರಿಚಯವಿಲ್ಲದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ಮೂಲ್ಯವೆಂಬ ಶಬ್ದವು ಮೂಲವೆಂಬ ಶಬ್ದದಿಂದ ಹುಟ್ಟಿತು. ಬೆಲೆಯನ್ನು ಹಳಿಯುವ ಮೊದಲು ಅದರ ಬೇರೆಲ್ಲಿದೆಯೆಂದು ನೋಡುವುದು ಯುಕ್ತ. ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರವು ಬ್ಯಾಟರಿಯ ಪ್ರಮಾಣಕ್ಕನುಸಾರವಾಗಿ ಸಹಾಯಧನವನ್ನು ಕೊಡುತ್ತ ಬಂದಿತು. ಕಾರ್ಖಾನೆಯ ಬೆಲೆ ೧,೨೦,೦೦೦ ರೂಪಾಯಿ, ಬ್ಯಾಟರಿಯ ಶಕ್ತಿ ೩ ಯೂನಿಟ್ಟು ಇರುವ ಒಂದು ಸ್ಕೂಟರನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ೨೦೨೧ರ ಜೂನಿನಿಂದ ಯೂನಿಟ್ಟಿಗೆ ೧೫,೦೦೦ ರೂಪಾಯಿಯಂತೆ ಅದಕ್ಕೆ ೪೫,೦೦೦ ದೊರೆಯುತ್ತಿತ್ತು. ೨೦೨೩ರ ಜೂನ್ ೧ರಿಂದ ಯೂನಿಟ್ಟಿಗೆ ೧೦,೦೦೦ ಎಂದೂ, ಒಟ್ಟಿನಲ್ಲಿ ಕಾರ್ಖಾನೆಯ ಬೆಲೆಯ ನೂರಕ್ಕೆ ೧೫ನ್ನು ಮೀರಕೂಡದೆಂದೂ ನಿಯಮವಾಯಿತು. ಆಗ ಸಿಗತಕ್ಕದ್ದು ೧೮,೦೦೦. ೨೦೨೪ರ ಏಪ್ರಿಲಿನಲ್ಲಿ ಹೆಚ್ಚೆಂದರೆ ೧೦,೦೦೦ ಎಂದಾಯಿತು. ೨೦೨೫ರ ಏಪ್ರಿಲಿನಲ್ಲಿ ೫,೦೦೦ಕ್ಕೆ ಇಳಿಯಿತು. ಗಾಡಿಯು ಅದೇ, ಕಾರ್ಖಾನೆಯ ಬೆಲೆಯೂ ಅದೇ. ಆದರೂ ಕೊಳ್ಳುವವನು ತೆರಬೇಕಾದ ಹಣವು ೭೫,೦೦೦ದಿಂದ ೧,೧೫,೦೦೦ಕ್ಕೆ ಏರಿತು. ಇದರ ಮೇಲೆ ವಿಮೆಯೊಂದಿದೆ. ೨೦೧೮ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯನ್ನು ಒಂದೇ ಸಲ ಕಟ್ಟಬೇಕಾಗಿದೆ. ಇದೆಲ್ಲ ಸೇರಿ ೧,೨೦,೦೦೦ವೆಂದು ಎಣಿಸಿಕೊಳ್ಳೋಣ.

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ೨೦೧೯ರ ಆಗಸ್ಟಿನಲ್ಲಿ ವಿದ್ಯುತ್ ವಾಹನದ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ಬ್ಯಾಟರಿಗಳೂ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತ ಬಂದಿವೆ. ಸಣ್ಣ ಬ್ಯಾಟರಿಯ ಕಡಿಮೆ ಬೆಲೆಯ ಗಾಡಿಗಳನ್ನು ತಯಾರಕರು ಹೊರತಂದಿದ್ದಾರೆ. ೨೦೨೪ರ ಫೆಬ್ರವರಿಯಲ್ಲಿ ಹಳೆಯ ಲೂನಾ ಗಾಡಿಯು ವಿದ್ಯುತ್ತಿನ ರೂಪವನ್ನು ತಾಳಿ ಸುಮಾರು ೭೦,೦೦೦ ರೂಪಾಯಿಗೆ ಮಾರಾಟಕ್ಕೆ ಬಂದಿತು. ಆದುದರಿಂದ ಬೆಲೆಯೇರಿತೆಂಬ ಮಾತು ದೊಡ್ಡ ಗಾಡಿಯ ವಿಷಯದಲ್ಲಿ ಸತ್ಯವಾದರೂ, ಊರೊಳಗೆ ದಿನಕ್ಕೆ ಎಂಟು ಹತ್ತು ಕಿಲೋಮೀಟರು ಸಂಚರಿಸುವವನು ದೊಡ್ಡ ಗಾಡಿಯನ್ನೇ ಏತಕ್ಕೆ ಬಯಸಬೇಕು ಎಂಬ ಪ್ರಶ್ನೆಯು ಉಳಿಯುತ್ತದೆ.

ಈಗ ನಾವು ಸ್ಲೇಟು ಹಿಡಿಯೋಣ. ೧,೨೦,೦೦೦ ರೂಪಾಯಿಯ ಗಾಡಿಯು ಆರು ವರ್ಷ ಬಾಳಿದರೆ ವರ್ಷಕ್ಕೆ ೨೦,೦೦೦. ದುರಸ್ತಿ, ಚಕ್ರ, ವಿಮೆಗಳಿಗೆ ವರ್ಷಕ್ಕೆ ೫,೦೦೦ವೆಂದಿರಲಿ. ದಿನಕ್ಕೆ ೮ ಕಿಲೋಮೀಟರು ತಿರುಗಿದರೆ ವಿದ್ಯುತ್ತಿಗೆ ಎರಡು ರೂಪಾಯಿ ಸಾಕು. ಇಂತಹ ಗೃಹಸ್ಥನು ವರ್ಷಕ್ಕೆ ೨೫೦ ದಿನ ಹೊರಗೆ ಹೋದರೆ ದಿನವೊಂದಕ್ಕೆ ಬೀಳುವ ವೆಚ್ಚ ೧೦೨ ರೂಪಾಯಿ. ೧೦೦ ದಿನ ಮಾತ್ರ ಹೋದರೆ ೨೫೨ ರೂಪಾಯಿ. ಹೋಗಿಬರುವ ಆಟೋ ಬಾಡಿಗೆಯು ೧೨೦ ಎಂದಿಟ್ಟುಕೊಂಡರೆ, ವರ್ಷಕ್ಕೆ ಸುಮಾರು ೨೧೨ ದಿನ, ಎಂದರೆ ವಾರಕ್ಕೆ ನಾಲ್ಕು ದಿನ, ಹೊರಡುವವನಿಗೆ ಎರಡೂ ಸಮ. ಅದಕ್ಕಿಂತ ಹೆಚ್ಚಾಗಿ ಹೊರಡುವವನಿಗೆ ಗಾಡಿ ಲಾಭ. ಕಡಿಮೆ ಹೊರಡುವವನಿಗೆ ಆಟೋ ಲಾಭ. ವಾಚಕರು ತಮ್ಮ ಊರಿನ ಬಾಡಿಗೆಯನ್ನೂ ತಮ್ಮ ಗಾಡಿಯ ಬೆಲೆಯನ್ನೂ ಹಾಕಿ ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಮೇಲೆ ಹೇಳಿದ ೪೦,೦೦೦ ರೂಪಾಯಿಯ ಏರಿಕೆಯನ್ನೂ ಹೀಗೆಯೇ ಹಂಚಿ ನೋಡಿರಿ. ನಿತ್ಯ ಹೊರಡುವವನಿಗೆ ಅದು ದಿನಕ್ಕೆ ೨೭ ರೂಪಾಯಿ; ಅಪರೂಪವಾಗಿ ಹೊರಡುವವನಿಗೆ ೬೭. ಒಂದೇ ಏರಿಕೆಯು ಚಟುವಟಿಕೆಯುಳ್ಳವನಿಗೆ ಹಗುರ, ಅಶಕ್ತನಿಗೆ ಭಾರ. ಹೀಗಾಗಿ ವಾಹನದ ಬೆಲೆಯನ್ನು ಅಂಗಡಿಯವನೊಬ್ಬನೇ ಗೊತ್ತುಮಾಡುವನೆಂದು ತಿಳಿಯಬಾರದು. ನಮ್ಮ ದೇಹವೂ ನಮ್ಮ ಅಭ್ಯಾಸವೂ ಗೊತ್ತುಮಾಡುತ್ತವೆ. ಕೊಳ್ಳುವುದಕ್ಕೆ ಮುಂಚೆ ಮೂರು ತಿಂಗಳ ಕಾಲ, ಯಾವ ದಿನ ಎಲ್ಲಿಗೆ ಹೋದೆವು, ಎಲ್ಲಿಗೆ ಹೋಗಬೇಕೆಂದಿದ್ದು ಹೋಗಲಾರದೆ ನಿಂತೆವು ಎಂಬುದನ್ನು ಪಂಚಾಂಗದ ಅಂಚಿನಲ್ಲಿ ಗುರುತುಮಾಡುವುದು ಒಳ್ಳೆಯದು. ಕೆಲವು ತಿರುಗಾಟಗಳು ಈಗ ಬೇಕಾಗಿಯೇ ಇಲ್ಲ. ಪಿಂಚಣಿಯವರ ಜೀವನ ಪ್ರಮಾಣಪತ್ರವನ್ನು ೨೦೧೪ರಿಂದ ಮನೆಯಲ್ಲಿಯೇ ಕುಳಿತು ಕಳುಹಿಸುವ ಏರ್ಪಾಡಿದೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದ ಮೇಲೆ ಗೌರಿಬಿದನೂರಿನವರು ಜಿಲ್ಲಾ ಕಚೇರಿಯ ಕೆಲಸಕ್ಕಾಗಿ ಕೋಲಾರದವರೆಗೆ ಹೋಗಬೇಕಾದ ಶ್ರಮವೂ ತಪ್ಪಿತು.

ಕೊಳ್ಳುವುದೇ ನಿಶ್ಚಯವಾದರೆ ಕೆಲವು ವಿಷಯಗಳನ್ನು ಗಮನಿಸತಕ್ಕದ್ದು. ಮೊದಲನೆಯದು ಬ್ಯಾಟರಿ, ಅದೇ ಗಾಡಿಯ ಪ್ರಾಣ. ತೀರ ಅಗ್ಗದ ಗಾಡಿಗಳಲ್ಲಿ ಸೀಸದ ಬ್ಯಾಟರಿ ಇರುವುದುಂಟು. ಅದು ಭಾರವಾದದ್ದು, ಬೇಗ ಸವೆಯತಕ್ಕದ್ದು. ಲಿಥಿಯಮ್ ಬ್ಯಾಟರಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಭರವಸೆ ಕೊಡುತ್ತಾರೆ. ಹೆಚ್ಚು ಹಣಕ್ಕೆ ಎಂಟು ವರ್ಷದವರೆಗೂ ಕೊಡುವವರುಂಟು. ಎರಡನೆಯದು ಪರವಾನಗಿ. ಗಂಟೆಗೆ ೨೫ ಕಿಲೋಮೀಟರು ಮೀರದ, ೨೫೦ ವಾಟ್ ಮೀರದ ಮೋಟಾರಿನ ಗಾಡಿಗೆ ನೋಂದಣಿಯೂ ಪರವಾನಗಿಯೂ ಬೇಡ, ಉಳಿದವುಗಳಿಗೆ ಬೇಕು. ಐವತ್ತೈದು ದಾಟಿದವರಿಗೆ ಪರವಾನಗಿಯು ಐದೈದು ವರ್ಷಕ್ಕೆ ಮಾತ್ರ ದೊರೆಯುವುದು. ವೈದ್ಯರ ಪ್ರಮಾಣಪತ್ರವೂ ಬೇಕು. ಇದನ್ನು ಪೀಡೆಯೆಂದು ಭಾವಿಸದೆ ಕಣ್ಣು, ಕಿವಿ, ಕೈಗಳ ಪರೀಕ್ಷೆಗೆ ಒದಗಿದ ಅವಕಾಶವೆಂದು ತಿಳಿಯುವುದು ಕ್ಷೇಮ. ಮೂರನೆಯದು ಗಾಡಿಯ ತೂಕ. ಅಂಗಡಿಯಲ್ಲಿ ಓಡಿಸಿ ನೋಡಿದರೆ ಸಾಲದು; ನಿಲ್ಲಿಸಿ, ಸ್ಟ್ಯಾಂಡು ಹಾಕಿ, ಹಿಂದಕ್ಕೆ ಎಳೆದು ನೋಡಬೇಕು. ವೃದ್ಧರು ಓಡುತ್ತಿರುವಾಗಲೇ ಬೀಳುವರೆಂದಿಲ್ಲ. ಗಾಡಿಯನ್ನು ನಿಲ್ಲಿಸುವಾಗಲೂ ಬೀಳುತ್ತಾರೆ.

ಇಷ್ಟೆಲ್ಲ ಲೆಕ್ಕ ಮಾಡಿ ಗಾಡಿಯು ಬೇಡವೆಂದು ತೀರ್ಮಾನವಾಯಿತೆನ್ನಿ. ಅನೇಕ ಮನೆಗಳಲ್ಲಿ ವಿಚಾರವು ಅಲ್ಲಿಗೆ ಮುಗಿದುಹೋಗುತ್ತದೆ. ನಿಜವಾದ ನಷ್ಟವು ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಗಾಡಿಗೆಂದು ಲಕ್ಷ ರೂಪಾಯಿ ಕೊಡಲು ಸಿದ್ಧನಾಗಿದ್ದವನು, ಅದನ್ನು ಕೈಬಿಟ್ಟ ಮರುದಿನ ಆಟೋವಿಗೆ ೧೨೦ ಕೊಡಲು ಹಿಂದೆಗೆಯುತ್ತಾನೆ. “ಇಂದು ಬೇಡ, ನಾಳೆ ನೋಡೋಣ” ಎನ್ನುತ್ತಾನೆ. ಮೊದಲು ಭಜನೆ ತಪ್ಪುತ್ತದೆ, ಆಮೇಲೆ ಸ್ನೇಹಿತರ ಮನೆ, ಆಮೇಲೆ ರಕ್ತದೊತ್ತಡದ ಪರೀಕ್ಷೆ. ಆರು ತಿಂಗಳಲ್ಲಿ ಜಗಲಿಯೇ ಅವನ ಪ್ರಪಂಚವಾಗುವುದು. ಮಿಕ್ಕಿದ ಹಣವು ಬ್ಯಾಂಕಿನಲ್ಲಿರುತ್ತದೆ. ನಡೆಯುವ ಶಕ್ತಿಯು ಮಾತ್ರ ಉಳಿದಿರುವುದಿಲ್ಲ.

ಗೃಹಿಣಿಯ ಪಾಡು ಇನ್ನೂ ಕಷ್ಟ. ಅವಳ ಹೆಸರಿನಲ್ಲಿ ಪಿಂಚಣಿಯಿಲ್ಲ. ಗಾಡಿಯನ್ನು ಕಲಿಯುವ ಅವಕಾಶವೂ ಎಳವೆಯಲ್ಲಿ ಒದಗಿರಲಿಲ್ಲ. ೨೦೨೩ರ ಜೂನ್ ೧೧ರಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದಂತಾಯಿತು. ಚಿಂತಾಮಣಿಯಿಂದ ಕೈವಾರಕ್ಕೂ, ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೂ ಅವಳು ಹಾಗೆಯೇ ಹೋಗಿಬರಬಹುದು. ಆದರೆ ಬಸ್ಸು ಮನೆಯ ಬಾಗಿಲಿಗೆ ಬರುವುದಿಲ್ಲವಷ್ಟೆ. ನಿಲ್ದಾಣದವರೆಗಿನ ಆಟೋ ಬಾಡಿಗೆಗಾಗಿ ಅವಳು ಪತಿಯನ್ನೋ ಮಗನನ್ನೋ ಕೇಳಬೇಕು. ಕೇಳಲು ಸಂಕೋಚಪಟ್ಟು ಮನೆಯಲ್ಲಿಯೇ ಉಳಿಯುವಳು. ಉಚಿತವಾದ ಪ್ರಯಾಣವು ಅರುವತ್ತು ರೂಪಾಯಿಯ ಅಭಾವದಿಂದ ನಿಂತುಹೋಗುತ್ತದೆ. ಗಂಡಸರಾದರೂ ಅರುವತ್ತು ದಾಟಿದ ಮೇಲೆ ಬಸ್ಸಿನ ದರದಲ್ಲಿ ನೂರಕ್ಕೆ ೨೫ರ ರಿಯಾಯಿತಿಯನ್ನು ಪಡೆಯಬಹುದು. ಕೇಳಿ ಪಡೆಯುವುದರಲ್ಲಿ ಅಗೌರವವೇನೂ ಇಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು ೨೦೨೦ರ ಮಾರ್ಚಿನಲ್ಲಿ ನಿಲ್ಲಿಸಿದಾಗ ಎಷ್ಟು ಮಂದಿ ನೊಂದುಕೊಂಡರೆಂಬುದನ್ನು ನೆನೆದರೆ, ಇರುವುದನ್ನು ಬಳಸಿಕೊಳ್ಳುವ ಬುದ್ಧಿಯು ಬಂದೀತು.

ಸಂಸ್ಕೃತದಲ್ಲಿ ವಾಹನವೆಂದರೆ ಹೊರುವಂತಹುದು. ಯಾನವೆಂಬ ಶಬ್ದಕ್ಕೆ ಹೋಗುವುದೆಂಬ ಅರ್ಥವೂ ಉಂಟು. ವಾಹನವನ್ನು ಕೊಳ್ಳಲಿ ಬಿಡಲಿ, ಯಾನವನ್ನು ಮಾತ್ರ ಬಿಡಬಾರದು. ಆದುದರಿಂದ ನಮ್ಮ ವಾಚಕ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ಅಕ್ಕಿ, ಔಷಧಗಳ ಕೆಳಗೆ ‘ಸಂಚಾರ’ ಎಂಬ ಬಾಬ್ತನ್ನು ಹೊಸದಾಗಿ ಬರೆಯಿರಿ. ಗಾಡಿಯನ್ನು ಕೊಂಡಿದ್ದರೆ ತಿಂಗಳಿಗೆ ಎಷ್ಟು ಬೀಳುತ್ತಿತ್ತೋ, ಮೇಲಿನ ಲೆಕ್ಕದಂತೆ ಎರಡು ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು, ಅಷ್ಟನ್ನು, ಅಥವಾ ಸಾಧ್ಯವಿಲ್ಲದಿದ್ದರೆ ಅದರ ಅರ್ಧವನ್ನು, ತಿಂಗಳ ಮೊದಲನೆಯ ದಿನವೇ ಒಂದು ಡಬ್ಬಿಯಲ್ಲಿ ಹಾಕಿಡಿರಿ. ಆ ಡಬ್ಬಿಯು ಅಡಿಗೆಮನೆಯಲ್ಲಿರಲಿ; ಅದರಿಂದ ತೆಗೆದುಕೊಳ್ಳಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲವೆಂಬ ಕಟ್ಟಳೆಯಿರಲಿ. ಮಾಸಾಂತ್ಯದಲ್ಲಿ ಹಣವು ಮಿಕ್ಕಿದ್ದರೆ ಉಳಿತಾಯವಾಯಿತೆಂದು ಹಿಗ್ಗದಿರಿ. ಮನೆಯ ಹಿರಿಯರು ಆ ತಿಂಗಳು ಎಲ್ಲಿಗೆ ಹೋಗಬೇಕಾಗಿದ್ದು ಹೋಗಲಿಲ್ಲವೆಂದು ವಿಚಾರಿಸಿರಿ.