‘ವಿದೇಶೀಯ’ ಎಂಬ ಪದ ಮತ್ತು ಯುದ್ಧಕಾಲದ ಬಂಧನ

ಯುದ್ಧಕಾಲದಲ್ಲಿ ಶತ್ರುರಾಷ್ಟ್ರದ ಪ್ರಜೆಗಳನ್ನು ಬಂಧನದಲ್ಲಿಡುವ ಕ್ರಮವನ್ನು ಕಾನೂನು ಮತ್ತು ರಾಜ್ಯಶಾಸ್ತ್ರಗಳ ವಿಷಯವೆಂದು ಬದಿಗಿಡುವುದು ವಾಡಿಕೆ. ಆದರೆ ಇದಕ್ಕೆ ಪ್ರಭುತ್ವಗಳು ನೀಡುವ ಸಮರ್ಥನೆ ಮೊದಲು ರೂಪುಗೊಳ್ಳುವುದು ಭಾಷೆಯಲ್ಲಿ. ‘ವಿದೇಶೀಯ’ ಎಂಬ ಪದದ ಅರ್ಥವ್ಯಾಪ್ತಿಯನ್ನು ಹಿಗ್ಗಿಸಿದ ಬಳಿಕವೇ ಶಿಬಿರಗಳು ತುಂಬಿಕೊಳ್ಳುತ್ತವೆ. ಆದ್ದರಿಂದ ಭಾಷೆ ಮತ್ತು ಸಾಹಿತ್ಯಗಳ ಅಧ್ಯಯನದಲ್ಲಿ ತೊಡಗಿರುವವರಿಗೆ ಇದು ಹೊರಗಿನ ಪ್ರಶ್ನೆಯಲ್ಲ.

ಅಮೆರಿಕದ ಉದಾಹರಣೆ ಸುಪರಿಚಿತವಾದುದು. 1942ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶದ ತರುವಾಯ ಜಪಾನೀ ಮೂಲದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯಿಂದ ತೆರವುಗೊಳಿಸಲಾಯಿತು. ಅವರಲ್ಲಿ ಮೂರನೆಯ ಎರಡರಷ್ಟು ಜನ ಅಮೆರಿಕದ ನಾಗರಿಕರೇ ಆಗಿದ್ದರು. ಸೇನೆ ಹೊರಡಿಸಿದ ಪ್ರಕಟಣೆಗಳು ಅವರನ್ನು ನಾಗರಿಕರೆಂದು ಕರೆಯದೆ ‘ವಿದೇಶೀಯರಲ್ಲದವರು’ ಎಂದು ಕರೆದವು. ನಾಗರಿಕತ್ವವನ್ನು ರದ್ದುಗೊಳಿಸದೆಯೇ ಅದನ್ನು ಅಳಿಸಿಹಾಕಬಲ್ಲ ಪದವಿದು. ಇದುವರೆಗೆ ಯಾವ ವಿಧ್ವಂಸಕ ಕೃತ್ಯವೂ ನಡೆದಿಲ್ಲ ಎಂಬುದನ್ನೇ ಮುಂದೆ ನಡೆಯಲಿದೆ ಎಂಬುದಕ್ಕೆ ಸೂಚನೆಯೆಂದು ಜನರಲ್ ಡಿವಿಟ್ ವಾದಿಸಿದರು. 1944ರ ಕೊರೆಮಾತ್ಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಶಿಬಿರಗಳನ್ನು ಯಾತನಾ ಶಿಬಿರಗಳೆಂದು ಕರೆಯುವುದನ್ನೇ ಆಕ್ಷೇಪಿಸಿತು. ಭಿನ್ನಮತ ಬರೆದ ನ್ಯಾಯಮೂರ್ತಿ ರಾಬರ್ಟ್ಸ್ ‘ಸಮಾವೇಶ ಕೇಂದ್ರ’ ಎಂಬುದು ಸೆರೆಮನೆಗಿಟ್ಟ ಸೌಮ್ಯವಾದ ಹೆಸರೆಂದರು. ಪದಗಳ ಈ ಜಗಳವೇ ನ್ಯಾಯದ ಜಗಳವೂ ಆಗಿತ್ತು.

ಈ ಉದಾಹರಣೆಯನ್ನು ಉಲ್ಲೇಖಿಸುವ ನಾವು 1962ರ ದೇವ್ಲಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ಚೀನಾದೊಂದಿಗಿನ ಯುದ್ಧದ ಸಂದರ್ಭದಲ್ಲಿ ಅಸ್ಸಾಂ, ಬಂಗಾಳ ಮೊದಲಾದೆಡೆಗಳಿಂದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರಾಜಸ್ಥಾನದ ಈ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಲಾಯಿತು. ಮಕ್ಕಳು, ಮುದುಕರು, ಭಾರತದಲ್ಲೇ ಹುಟ್ಟಿದವರು ಅವರಲ್ಲಿದ್ದರು. ಅದೇ ವರ್ಷದ ಕಾಯಿದೆಯು ವಿದೇಶೀಯರ ಕಾನೂನನ್ನು, ಆಕ್ರಮಣಕಾರಿ ದೇಶದ ಪ್ರಜೆಯಾಗಿ ಹುಟ್ಟಿದ ಭಾರತೀಯ ಮೂಲದವರಲ್ಲದ ವ್ಯಕ್ತಿಗಳಿಗೂ ಅನ್ವಯಿಸಿತು. 1963ರ ನಿರ್ಬಂಧಿತ ಪ್ರದೇಶಗಳ ಆದೇಶವು ತಂದೆತಾಯಿಗಳನ್ನಷ್ಟೇ ಅಲ್ಲ, ಅಜ್ಜ ಅಜ್ಜಿಯರ ಪೌರತ್ವವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹೀಗೆ ‘ವಿದೇಶೀಯ’ ಎಂಬುದು ಕಾನೂನಿನ ಸ್ಥಾನಮಾನವಾಗಿ ಉಳಿಯದೆ ವಂಶಾವಳಿಯಾಯಿತು. 1962ರ ನವೆಂಬರಿನಲ್ಲೇ ಕದನ ನಿಂತರೂ ಕೊನೆಯವರ ಬಿಡುಗಡೆಯಾದುದು 1967ರಲ್ಲಿ.

ಯುದ್ಧಕಾಲದಲ್ಲಿ ಒಬ್ಬೊಬ್ಬರನ್ನೂ ವಿಚಾರಿಸಲು ವ್ಯವಧಾನವಿರುವುದಿಲ್ಲ, ರಾಷ್ಟ್ರದ ಸುರಕ್ಷತೆಯೇ ಮೊದಲು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. 1949ರ ನಾಲ್ಕನೆಯ ಜಿನೀವಾ ಒಪ್ಪಂದವೂ ಬಂಧನವನ್ನು ಸಂಪೂರ್ಣವಾಗಿ ನಿಷೇಧಿಸಿಲ್ಲ. ಆದರೆ ಸುರಕ್ಷತೆಗೆ ಅದು ಅತ್ಯಗತ್ಯವಾಗಿದ್ದರೆ ಮಾತ್ರ ಎಂಬ ಮಿತಿಯನ್ನೂ, ವರ್ಷಕ್ಕೆ ಎರಡು ಬಾರಿಯಾದರೂ ಪ್ರತಿ ಪ್ರಕರಣವನ್ನು ಮರುಪರಿಶೀಲಿಸಬೇಕೆಂಬ ನಿಯಮವನ್ನೂ ಅದು ವಿಧಿಸಿದೆ. ಅಂದರೆ ಪ್ರಶ್ನೆ ಕೇಳಬೇಕಾದುದು ವ್ಯಕ್ತಿಯ ಕೃತ್ಯವನ್ನು ಕುರಿತು, ಹುಟ್ಟನ್ನು ಕುರಿತಲ್ಲ. ವ್ಯವಧಾನವಿಲ್ಲವೆಂಬ ವಾದ ಕೆಲವು ವಾರಗಳಿಗೆ ಸಲ್ಲಬಹುದು. ನಾಲ್ಕೂವರೆ ವರ್ಷಗಳಿಗೆ ಸಲ್ಲದು.

ಅಮೆರಿಕ 1988ರಲ್ಲಿ ಶಾಸನದ ಮೂಲಕ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ನೀಡಿತು. ದೇವ್ಲಿಯ ಬಂಧಿತರಿಗೆ ಭಾರತ ಸರ್ಕಾರ ಕ್ಷಮೆಯನ್ನೂ ಕೋರಿಲ್ಲ, ಪರಿಹಾರವನ್ನೂ ನೀಡಿಲ್ಲ. ಆ ಮೌನವನ್ನು ಮುರಿಯಲು ಯತ್ನಿಸಿದ್ದು ಸಾಹಿತ್ಯ: ರೀಟಾ ಚೌಧರಿಯವರ ‘ಮಾಕಾಂ’ (2010) ಅಸ್ಸಾಮಿನ ಚೀನೀ ಸಮುದಾಯದ ಈ ದುರಂತವನ್ನು ಅಸ್ಸಾಮೀ ಓದುಗರ ಮುಂದಿಟ್ಟಿತು. ‘ಅನ್ಯ’ದ ಪರಿಕಲ್ಪನೆಯನ್ನು ನಮ್ಮ ವಿಮರ್ಶೆ ಬಹುಕಾಲದಿಂದ ಚರ್ಚಿಸುತ್ತ ಬಂದಿದೆ. ಆ ಚರ್ಚೆ ಕಾವ್ಯ, ಕಾದಂಬರಿಗಳಿಗೆ ಸೀಮಿತವಾಗದೆ ಕಾಯಿದೆ, ಆದೇಶ, ಅಧಿಸೂಚನೆಗಳ ಭಾಷೆಯನ್ನೂ ಒಳಗೊಳ್ಳಬೇಕು. ನೆರೆಯವನನ್ನು ಅನ್ಯನನ್ನಾಗಿಸುವ ವಾಕ್ಯಗಳು ಮೊದಲು ಬರೆಯಲ್ಪಡುವುದು ಅಲ್ಲಿಯೇ.