ನಾಟಕದಿಂದ ಕಿತ್ತ ಹಾಡು

ನಮ್ಮ ಕಡೆ ಸಭೆಯೆಂದರೆ ಈಗೊಂದು ಪರಿಪಾಠ ಬೆಳೆದಿದೆ. ದೀಪ ಹಚ್ಚಿದ ಮೇಲೆ, ಭಾಷಣಗಳು ಶುರುವಾಗುವ ಮುಂಚೆ, ನಾಲ್ಕು ಜನ ಹಾರ್ಮೋನಿಯಂ ತಬಲ ಇಟ್ಟುಕೊಂಡು ಕುಳಿತು ‘ರಂಗಗೀತೆ’ ಹಾಡಬೇಕು. ಅವುಗಳಲ್ಲಿ ಎರಡಾದರೂ ಬಿ. ವಿ. ಕಾರಂತರ ಮಟ್ಟಿನವಾಗಿರಬೇಕು. ಹಾಡು ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಹಾಡಿದವರಿಗೆ ಶಾಲು ಹೊದಿಸುತ್ತಾರೆ. ಕಾರಂತರಿಗೆ ಸಲ್ಲಬೇಕಾದ ಮರ್ಯಾದೆ ಸಂದಿತೆಂದು ಎಲ್ಲರೂ ತೃಪ್ತರಾಗಿ ಮನೆಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ನಡೆಯುವುದರ ನಕಲು ಚಿಂಚೋಳಿಯಲ್ಲಿಯೂ ನಡೆಯುತ್ತದೆ, ಅಷ್ಟೇ. ಇದನ್ನು ನಾನು ಗೌರವವೆಂದು ಒಪ್ಪಲಾರೆ. ಹಾಡಿದವರ ಕಂಠ ಚೆನ್ನಾಗಿಯೇ ಇರಬಹುದು. ಆದರೆ ನಾಟಕದಿಂದ ಹಾಡನ್ನು ಕಿತ್ತು ತಂದು ಸಭೆಗೆ ಮುಡಿಸಿದಾಗ, ಆ ಮನುಷ್ಯ ಬದುಕೆಲ್ಲ ದುಡಿದು ಮಾಡಿದ ಕೆಲಸವನ್ನೇ ಅಳಿಸಿದಂತಾಗುತ್ತದೆ.

ಆ ಕೆಲಸ ಯಾವುದೆಂಬುದನ್ನು ಕೊಂಚ ನೆನೆಯೋಣ. ೧೯೨೯ರಲ್ಲಿ ಬಂಟ್ವಾಳದ ಕಡೆಯ ಮಂಚಿಯಲ್ಲಿ ಹುಟ್ಟಿದ ಕಾರಂತರು ಎಳೆವಯಸ್ಸಿನಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳುಹಿಸಿದರು. ಅಲ್ಲಿ ಹಿಂದಿಯ ವ್ಯಾಸಂಗ, ಓಂಕಾರನಾಥ ಠಾಕೂರರಲ್ಲಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಶಿಷ್ಯತ್ವ. ಕಂಪನಿ ನಾಟಕಗಳಲ್ಲಿ ಹಾಡಿಗೆ ಬರವಿರಲಿಲ್ಲ. ಆದರೆ ನಟ ಹಾಡಲು ನಿಂತರೆ ಕಥೆಯೂ ನಿಲ್ಲುತ್ತಿತ್ತು. ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದವನೂ ಎದ್ದು ಇನ್ನೊಮ್ಮೆ ಹಾಡುತ್ತಿದ್ದನೆಂದು ಹಿರಿಯರು ನಗುತ್ತ ಹೇಳುವುದುಂಟು. ಇದರಿಂದ ರೋಸಿಹೋದ ಹೊಸ ನಾಟಕಕಾರರು ಮಾತಿಗೇ ಪಟ್ಟ ಕಟ್ಟಿದರು. ಕಾರಂತರು ಈ ಎರಡು ದಾರಿಗಳನ್ನೂ ಬಿಟ್ಟರು. ಹಾಡು ಬಂದಾಗ ಕಥೆ ನಿಲ್ಲಬಾರದು. ಮಾತಿನಿಂದಾಗದ ಕೆಲಸವನ್ನು ಹಾಡು ಮಾಡಬೇಕು ಎಂದು ಹಟ ಹಿಡಿದರು.

ಶ್ರೀರಂಗರ ‘ಸತ್ತವರ ನೆರಳು’ ನಾಟಕವನ್ನೇ ನೋಡಿ. ಮಠ, ಅದರ ಪೀಠ, ಪೀಠದ ಸುತ್ತ ಸುಳಿಯುವ ಆಸೆ ಕುಟಿಲಗಳು ಅದರ ವಸ್ತು. ಅದರೊಳಗೆ ಕಾರಂತರು ಪುರಂದರದಾಸರ ಪದಗಳನ್ನು ಹೆಣೆದರು. ರಂಗದ ಮೇಲೆ ಅಧಿಕಾರದ ಕಚ್ಚಾಟ, ಕಿವಿಯಲ್ಲಿ ವೈರಾಗ್ಯದ ಪದ! ಭಕ್ತಿಯ ಹಾಡೇ ಅಲ್ಲಿ ಚಾಟಿಯಾಗುತ್ತದೆ. ಅದೇ ಪದವನ್ನು ಸಭೆಯಲ್ಲಿ ಶಾಲು ಹೊದ್ದು ಹಾಡಿದರೇನಾಯಿತು? ಚಾಟಿ ಹೋಯಿತು, ಭಜನೆ ಉಳಿಯಿತು. ಯಾವ ಪ್ರತಿಷ್ಠಿತರನ್ನು ಆ ಹಾಡು ಕುಟುಕಬೇಕಾಗಿತ್ತೋ ಅವರೇ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಾರೆ.

೧೯೭೨ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಅವರು ‘ಈಡಿಪಸ್’, ‘ಸಂಕ್ರಾಂತಿ’ಗಳ ಜೊತೆಗೆ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದರು. ಗಣಪತಿ ಹಬ್ಬ ಕಳೆದ ಮೇಲೆ ಬುಟ್ಟಿಯೊಳಗೆ ಬೇವಿನ ಸೊಪ್ಪಿನ ನಡುವೆ ಜೋಕುಮಾರನನ್ನು ಕೂರಿಸಿ, ಮನೆಮನೆಗೆ ಹಾಡುತ್ತ ಬರುವ ಹೆಂಗಸರನ್ನು ಬಲ್ಲವರಿಗೆ ಆ ಹಾಡುಗಳ ಬೇರು ಎಲ್ಲಿಯದೆಂದು ಹೇಳಬೇಕಾಗಿಲ್ಲ. ಉಳುವವನಿಗೂ ಗೌಡನಿಗೂ ನಡುವಣ ಜಗಳ ಅಲ್ಲಿ ಹಾಡಿನಲ್ಲಿಯೇ ಕಾವೇರುತ್ತದೆ. ಜಗಳ ಬಿಟ್ಟು ಮಟ್ಟು ಮಾತ್ರ ತಂದರೆ ಸಿಪ್ಪೆ ತಂದಂತೆ.

‘ಒಪೆರಾ ಎಂಬುದು ಯುರೋಪಿನ ಸರಕು, ಕನ್ನಡದಲ್ಲಿ ಅದೆಲ್ಲಿ?’ ಎಂದು ಕೇಳುವ ಪಂಡಿತರಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬಂತಿದೆ ಈ ಮಾತು. ರಾತ್ರಿಯೆಲ್ಲ ಹಾಡಿ ಕುಣಿದು ಕಥೆ ಮುಗಿಸುವ ನಮ್ಮ ದೊಡ್ಡಾಟ ಮತ್ತೇನು? ಹೊಸಗನ್ನಡದಲ್ಲಿ ಪು. ತಿ. ನ. ಅವರು ‘ಗೋಕುಲ ನಿರ್ಗಮನ’ವೆಂಬ ಗೀತನಾಟಕ ಬರೆದರು. ಓದಿ ಮೆಚ್ಚುವ ಕಾವ್ಯವೆಂದು ಅದನ್ನು ಕಪಾಟಿನಲ್ಲಿಟ್ಟವರೇ ಹೆಚ್ಚು. ಕಾರಂತರು ಅದನ್ನು ರಂಗಕ್ಕೆ ತಂದರು. ಗೋಕುಲವನ್ನು ತೊರೆದು ಮಧುರೆಗೆ ಹೊರಡುವ ಕೃಷ್ಣನ ಸಂಕಟ ಆಗ ನೋಡುವವರ ಸಂಕಟವೂ ಆಯಿತು. ಪ್ಯಾರಿಸ್ಸಿನಲ್ಲಿ ಪೀಟರ್ ಬ್ರೂಕ್ ೧೯೮೧ರಲ್ಲಿ ‘ಕಾರ್ಮೆನ್’ ಒಪೆರಾವನ್ನು ಭಾರಿ ವಾದ್ಯವೃಂದದಿಂದ ಬಿಡಿಸಿ ಕೆಲವೇ ವಾದಕರೊಡನೆ ಆಡಿಸಿದ್ದನ್ನು ನಾವು ಬೆರಗಿನಿಂದ ಹೇಳುತ್ತೇವೆ. ನಮ್ಮವರೊಬ್ಬರು ಕಲ್ಲು, ಬಿದಿರು, ತಗಡುಗಳನ್ನು ಕೂಡ ವಾದ್ಯವಾಗಿಸಿದ್ದನ್ನು ಮಾತ್ರ ‘ಕಾರಂತರ ಚೇಷ್ಟೆ’ ಎಂದು ನಕ್ಕು ಬಿಡುತ್ತೇವೆ.

ಅವರ ಮೇಲೆ ದೂರುಗಳಿಲ್ಲದಿಲ್ಲ. ಸಂಗೀತ ಮಾತನ್ನು ನುಂಗುತ್ತದೆ ಎಂಬುದೊಂದು. ಕೆಲವೆಡೆ ನುಂಗಿದ್ದುಂಟು. ಆದರೆ ಅದು ನಾಟಕದೊಳಗಿನ ವ್ಯಾಜ್ಯ. ನಾಟಕವನ್ನೇ ನುಂಗಿದ ಸಭಾಗಾಯನಕ್ಕೆ ಅದು ಸಮರ್ಥನೆಯಾಗದು. ಒಂದು ಕಡೆ ನಿಲ್ಲದ ಮನುಷ್ಯ ಎಂಬುದು ಇನ್ನೊಂದು. ೧೯೭೭ರಿಂದ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು, ೧೯೮೧ರಲ್ಲಿ ಭೋಪಾಲದ ಭಾರತ ಭವನದ ರಂಗಮಂಡಲ, ೧೯೮೯ರಲ್ಲಿ ಮೈಸೂರಿನ ರಂಗಾಯಣ. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಆದರೆ ಹೋದಲ್ಲೆಲ್ಲ ಅವರು ಮೊದಲು ಕಿವಿಗೊಟ್ಟರು. ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ ‘ಬರ್ನಮ್ ವನ’ವಾಗಿಸುವಾಗ ತಮ್ಮ ಕರಾವಳಿಯ ಯಕ್ಷಗಾನವನ್ನು ಒಯ್ದರು, ಭೋಪಾಲದಲ್ಲಿ ಬುಂದೇಲಿ, ಮಾಳವಿ, ಛತ್ತೀಸಗಢಿ ನುಡಿಗಳಿಗೆ ಬಾಗಿಲು ತೆರೆದರು. ಆಯಾ ನೆಲದ ದನಿ ಕೇಳದೆ ಅವರು ಸ್ವರ ಹಾಕಲಿಲ್ಲ. ನಿಲ್ಲದವನೆಂದು ಅವರನ್ನು ಹಳಿಯುವ ನಾವು ನಿಂತ ನೆಲದ ಸದ್ದನ್ನು ಎಷ್ಟು ಕೇಳಿದ್ದೇವೆ?

ಇದೇ ನನ್ನ ಮುಖ್ಯ ತಕರಾರು. ಚಿಂಚೋಳಿ ಸೀಮೆಯಲ್ಲಿ ಕಿವಿಗೆ ಬಡತನವಿಲ್ಲ. ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಹಾಡು, ಮೊಹರಮ್ಮಿನಲ್ಲಿ ಅಲಾಯಿ ಕುಣಿತ ಮತ್ತು ರಿವಾಯತ ಪದ, ಏಕತಾರಿ ಹಿಡಿದ ತತ್ತ್ವಪದಕಾರರು, ತೊಗರಿ ಹೊಲದ ಹಾಡು, ಗಡಿಯಾಚೆಯ ತೆಲುಗು, ಸಂತೆಯ ಉರ್ದು. ಆಚೆ ಶಹಾಬಾದಿನಲ್ಲಿ ಫರಸಿ ಕಲ್ಲಿನ ಮೇಲೆ ಬೀಳುವ ಸುತ್ತಿಗೆ, ವಾಡಿಯಲ್ಲಿ ರೈಲಿನ ಗಡಗಡ. ಕಾರಂತರಂಥವರು ಇಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಇವೆಲ್ಲ ಸೇರಿ ಒಂದು ಗೀತನಾಟಕವಾಗುತ್ತಿತ್ತು. ನಾವಾದರೋ ಮಳಖೇಡದ ಹೆಸರೆತ್ತಿ ಎದೆಯುಬ್ಬಿಸುತ್ತೇವೆ, ನಾಟಕವಾಡುವಾಗ ಮಾತ್ರ ಬೇರೆ ಊರಿನಲ್ಲಿ ಮುದ್ರಿಸಿದ ಸಂಗೀತವನ್ನು ಯಂತ್ರದಿಂದ ಹಾಕುತ್ತೇವೆ. ನಟ ಯಂತ್ರದ ಹಿಂದೆ ಓಡುತ್ತಾನೆ. ಅವನ ಉಸಿರಿಗೆ ತಕ್ಕಂತೆ ನಿಲ್ಲಲು ಆ ಯಂತ್ರಕ್ಕೇನು ಗೊತ್ತು?

ಕಲಬುರಗಿಯಲ್ಲಿ ಈಗ ರಂಗಾಯಣವಿದೆ. ಅಲ್ಲಿನ ನಟರು ವರ್ಷಕ್ಕೊಂದು ತಿಂಗಳಾದರೂ ನಮ್ಮ ತಾಂಡಾ ಹಳ್ಳಿಗಳಲ್ಲಿದ್ದು, ಕೇಳಿದ್ದರಿಂದಲೇ ಒಂದು ಗೀತನಾಟಕ ಕಟ್ಟಲಿ; ಹಾಡುವ ಹಳ್ಳಿಗರಿಗೆ ಅದರಲ್ಲಿ ಪಾತ್ರವೂ ಸಂಬಳವೂ ಇರಲಿ. ರಂಗಗೀತೆಯ ತಂಡದವರಿಗೂ ಒಂದು ಮಾತು: ಕಾರಂತರ ಹಾಡು ಬೇಕೆಂದರೆ ಅದು ಬರುವ ದೃಶ್ಯವನ್ನೂ ಆಡಿ. ಹತ್ತು ನಿಮಿಷವಾದರೂ ಸರಿಯೆ. ಅಷ್ಟು ಹೊತ್ತು ಅಧ್ಯಕ್ಷರು ಭಾಷಣವಿಲ್ಲದೆ ಕಾಯಲಿ. ೨೦೦೨ರಲ್ಲಿ ತೀರಿಕೊಂಡ ಆ ಮನುಷ್ಯನಿಗೆ ಶಾಲಿನ ಅಗತ್ಯವಿಲ್ಲ. ಅವರ ಹಾಡಿಗೆ ನಾಟಕದ ಅಗತ್ಯವಿದೆ.