'ಬರಲಿಲ್ಲ' ಅಂತ ಬರೆಯೋ ಮೊದಲು ಯಾಕೆ ಬರಲಿಲ್ಲ ಅಂತ ಕೇಳಿ

"ಡೇಟ್ ಕೊಟ್ರೂ ಈ ಜನ ಬರಲ್ಲ. ಫ್ರೀ ಸಿಕ್ಕಿದ್ದಕ್ಕೆ ಬೆಲೆನೇ ಇಲ್ಲ." ಆಸ್ಪತ್ರೆ ಕಾರಿಡಾರಿನಲ್ಲಿ ಈ ಮಾತು ಕೇಳದೇ ಇರೋರು ನಮ್ಮಲ್ಲಿ ಯಾರಾದರೂ ಇದ್ದೀರಾ? "ಈ ಜನ" ಅಂದರೆ ಯಾರು ಅಂತ ಹೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು.

ಡಾಕ್ಟರುಗಳ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ. 20 ಜನಕ್ಕೆ ಸಮಯ ಕೊಟ್ಟು 5 ಜನ ಬರದಿದ್ದರೆ ಆ ಹೊತ್ತು ಹಾಳು. ಹೊರಗಡೆ ಬೆಂಚಿನ ಮೇಲೆ ಕಾಯ್ತಿರೋರೂ ನಮ್ಮವರೇ. ಆದರೆ ಬರದೇ ಹೋದವರ ಬೆಳಿಗ್ಗೆ ಹೇಗಿರುತ್ತೆ ಅಂತ ಸ್ವಲ್ಪ ನೋಡಿ.

ನಮ್ಮ ಪೌರಕಾರ್ಮಿಕರು ಊರು ಏಳೋ ಮೊದಲೇ ಪೊರಕೆ ಹಿಡಿದು ಬೀದಿಯಲ್ಲಿರುತ್ತಾರೆ. ಒಪಿಡಿ ನಡೆಯೋದೂ ಅವರ ಕೆಲಸದ ಹೊತ್ತಿನಲ್ಲೇ. ಗಾರೆ ಕೆಲಸದವರಿಗೆ ಒಂದು ದಿನ ಆಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಕೆ.ಆರ್. ಆಸ್ಪತ್ರೆಗೆ ಬರೋರು ಮೈಸೂರಿನವರು ಮಾತ್ರ ಅಲ್ಲ, ಎಚ್.ಡಿ. ಕೋಟೆಯ ಹಾಡಿಗಳಿಂದ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆಯಿಂದಲೂ ಬರ್ತಾರೆ. ಒಂದು ಬಸ್ ತಪ್ಪಿದರೆ ಟೋಕನ್ನೂ ತಪ್ಪಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿದಿದೆ, ಅದನ್ನ ಒಪ್ಪಬೇಕು. ಹೋದ ಕೂಲಿಯನ್ನ ಕೊಡೋರು ಯಾರು?

ಕ್ಷಯರೋಗದ ಔಷಧಿ ನಡುವೆ ನಿಲ್ಲಿಸಿದವರನ್ನ ಬಹಳ ವರ್ಷ 'ಡಿಫಾಲ್ಟರ್' ಅಂತ ಬರೀತಿದ್ದರು, ಸಾಲ ತೀರಿಸದವರನ್ನ ಕರೆದ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನೇ ಕೈಬಿಟ್ಟು, ಆರೈಕೆಯ ಸಂಪರ್ಕ ತಪ್ಪಿಹೋದವರು ಅನ್ನೋ ಅರ್ಥದ ಪದ ತಂದಿತು. ಯಾಕೆ? ತಪ್ಪೆಲ್ಲ ರೋಗಿಯದೇ ಅಂತ ಆ ಪದ ಮೊದಲೇ ತೀರ್ಪು ಕೊಟ್ಟುಬಿಡ್ತಿತ್ತು. ಪುಸ್ತಕದಲ್ಲಿ ಪದ ಬದಲಾಯಿತು, ಕೌಂಟರಿನ ನಾಲಿಗೆ ಮೇಲೆ ಇನ್ನೂ ಬದಲಾಗಿಲ್ಲ.

ಈಗ ಇದೇ ತೀರ್ಪನ್ನ ಕಂಪ್ಯೂಟರ್ ಕೊಡೋ ಕಾಲ ಬಂದಿದೆ. ಅಮೆರಿಕದ ಕ್ಲಿನಿಕ್‌ಗಳಲ್ಲಿ ಯಾರು ಬರದೇ ಇರಬಹುದು ಅಂತ ಸಾಫ್ಟ್‌ವೇರ್ ಊಹೆ ಮಾಡುತ್ತೆ. ಹಾಗೆ ಊಹಿಸಿದವರ ಹೊತ್ತಿಗೇ ಇನ್ನೊಬ್ಬರಿಗೂ ಸಮಯ ಕೊಡ್ತಾರೆ. ಇಬ್ಬರೂ ಬಂದರೆ? ಕಾಯಬೇಕು. ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಮಿಕೆಲೆ ಸಮೊರಾನಿ ಮತ್ತು ಜೊತೆಗಾರರು ಇದನ್ನ ಲೆಕ್ಕ ಹಾಕಿದಾಗ, ಈ ಪದ್ಧತಿಯಲ್ಲಿ ಕಪ್ಪು ಜನ ಉಳಿದವರಿಗಿಂತ ಸುಮಾರು ಶೇ. 30ರಷ್ಟು ಹೆಚ್ಚು ಹೊತ್ತು ಕಾಯಬೇಕಾಗುತ್ತೆ ಅಂತ ಗೊತ್ತಾಯಿತು. ಯಾರ ಕಾಯುವಿಕೆ ಹೆಚ್ಚೋ ಅವರದ್ದನ್ನೇ ಮೊದಲು ತಗ್ಗಿಸು ಅಂತ ಸಾಫ್ಟ್‌ವೇರ್‌ಗೆ ಹೇಳಿದಾಗ ಆ ಅಂತರ ಹೋಯಿತು, ಕ್ಲಿನಿಕ್ಕಿನ ಕೆಲಸವೂ ಕೆಡಲಿಲ್ಲ. ಅಂದರೆ ಅನ್ಯಾಯ ಮಾಡದೆಯೂ ಕ್ಯೂ ನಡೆಸಬಹುದು.

ಅದು ಅಮೆರಿಕದ ಮಾತು, ನಮಗೇನು ಅಂತೀರಾ? ನಮ್ಮ ದೇಶದಲ್ಲೂ ಮೊಬೈಲಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಒಪಿಡಿ ಟೋಕನ್ ತಗೊಳ್ಳೋದು 2022ರಲ್ಲೇ ಶುರುವಾಗಿದೆ. ನಾಳೆ ಇಲ್ಲೂ ಆ ಥರದ ಸಾಫ್ಟ್‌ವೇರ್ ಬಂದರೆ ಅದು ಜಾತಿ ಕಾಲಂ ಕೇಳಬೇಕಾಗಿಲ್ಲ. ವಿಳಾಸ ಸಾಕು. ಹಿಂದೆ ಆದಿಕರ್ನಾಟಕಪುರ ಅಂತಲೇ ಹೆಸರಿದ್ದ ಅಶೋಕಪುರಂನ ವಿಳಾಸ ಬರೆದ ಮೇಲೆ ಇನ್ನೇನು ಉಳೀತು? ಹಿಂದೆ ಎಷ್ಟು ಸಲ ತಪ್ಪಿಸಿಕೊಂಡಿದ್ದೀರಿ ಅನ್ನೋ ದಾಖಲೆ, ಸ್ವಂತ ಫೋನ್ ಇಲ್ಲದಿರೋದು, ದೂರದ ಊರು, ಎಲ್ಲ ಸೇರಿ ನಮ್ಮನ್ನೇ ತೋರಿಸುತ್ತೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಂದು ಸಾವನ್ನ ದಾಖಲಿಸಿದ್ದಾರೆ. ಬಾಣಂತಿಯನ್ನ ಕೇರಿಯ ಹೊರಗೆ ತಂದರೆ ಮಾತ್ರ ನೋಡ್ತೀನಿ ಅಂದ ಡಾಕ್ಟರು, ಥರ್ಮಾಮೀಟರನ್ನ ಇನ್ನೊಬ್ಬರ ಕೈಗೆ ಕೊಟ್ಟು, ಅವರಿಂದ ಗಂಡನ ಕೈಗೆ, ಗಂಡನಿಂದ ಅವಳಿಗೆ ದಾಟಿಸಿದರು. ಆಕೆ ಬದುಕಲಿಲ್ಲ. ಇವತ್ತು ಅಷ್ಟು ಬಹಿರಂಗವಾಗಿ ಯಾರೂ ಮಾಡಲ್ಲ. ಆದರೆ ನಾವು ಬರೋಕೆ ಆಗದ ಹೊತ್ತಿಗೆ ಬಾಗಿಲು ತೆರೆದು, ಬರಲಿಲ್ಲ ಅಂತ ನಮ್ಮ ಮೇಲೇ ಬರೆದರೆ ಅದೂ ದೂರ ಇಡೋದೇ.

ನಾವು ಕೇಳೋದು ದೊಡ್ಡದೇನಲ್ಲ:

1. ವಾರದಲ್ಲಿ ಎರಡು ದಿನವಾದರೂ ಸಂಜೆ ಒಪಿಡಿ ನಡೆಸಿ.

2. ಡೇಟ್ ಬರೆಯೋ ಮುಂಚೆ ಯಾವತ್ತು ಬರೋಕಾಗುತ್ತೆ ಅಂತ ರೋಗಿಯನ್ನ ಒಂದು ಮಾತು ಕೇಳಿ.

3. ಹಿಂದಿನ ದಿನ ಇಂಗ್ಲಿಷ್ ಮೆಸೇಜ್ ಬೇಡ, ಕನ್ನಡದಲ್ಲಿ ಫೋನ್ ಮಾಡಿ. ಫೋನ್ ಇಲ್ಲದವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಸಿ, ಆ ಕೆಲಸಕ್ಕೆ ಅವರಿಗೆ ದುಡ್ಡೂ ಕೊಡಿ.

4. ತಡವಾಗಿ ಬಂದವರನ್ನ ಬೈದು ವಾಪಸ್ ಕಳಿಸಬೇಡಿ, ದಿನದ ಕೊನೆಗಾದರೂ ನೋಡಿ.

5. ಪೌರಕಾರ್ಮಿಕರು ಆಸ್ಪತ್ರೆ ಚೀಟಿ ತೋರಿಸಿದರೆ ಸಂಬಳ ಕಡಿಯಬಾರದು, ಗುತ್ತಿಗೆಯವರಿಗೂ ಇದೇ ಆಗಬೇಕು.

6. ರಿಜಿಸ್ಟರಿನಲ್ಲಿ 'ಬರಲಿಲ್ಲ' ಪಕ್ಕ 'ಕಾರಣ' ಅಂತ ಇನ್ನೊಂದು ಕಾಲಂ ಹಾಕಿ.

ಆರು ತಿಂಗಳು ಆ ಕಾಲಂ ತುಂಬಿಸಿ ನೋಡಿ. ಕಾಳಜಿ ಇಲ್ಲದಿರೋದು ಯಾರಿಗೆ ಅಂತ ಅದೇ ಹೇಳುತ್ತೆ.

ನಿಮ್ಮ ಕೇರಿಯಲ್ಲಿ ಡೇಟ್ ತಪ್ಪಿದವರು ಇದ್ದರೆ ಕಾರಣ ಕೇಳಿ, ಹೆಸರು ಹಾಕದೆ ಕೆಳಗೆ ಬರೀರಿ. ಎಲ್ಲ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ಕೊಡೋಣ.

ಜೈ ಭೀಮ್.